ಮೊಲದ ಬಾಯೊಳಗಿನ ಕಾಣದ ಕಾಯಿಲೆ: ದವಡೆ ಹಲ್ಲಿನ ತೊಂದರೆ ಗುರುತಿಸುವುದು ಹೇಗೆ, ಉಪಚಾರವೇನು?

ಎತ್ತು ಕೊಳ್ಳಲು ಹೋದ ರೈತ ಮೊದಲು ನೋಡುವುದು ಅದರ ಬಾಯನ್ನು. ಹಾಲುಹಲ್ಲೇ, ಎರಡು ಹಲ್ಲೇ, ನಾಲ್ಕು ಹಲ್ಲೇ, ಬಾಯಿಗೂಡಿದೆಯೇ ಎಂದು ತುಟಿ ಎತ್ತಿ ನೋಡಿದ ಮೇಲೆಯೇ ಬೆಲೆಯ ಮಾತು. ಆದರೆ ಅದೇ ರೈತನ ಮನೆಯ ಹಿತ್ತಲಲ್ಲಿ ಮಕ್ಕಳು ಪ್ರೀತಿಯಿಂದ ಸಾಕಿದ ಮೊಲವಿದ್ದರೆ ಅದರ ಬಾಯನ್ನು ಯಾರೂ ನೋಡುವುದಿಲ್ಲ. ಮೊಲ ಮೇವು ಬಿಟ್ಟು ಮೂಲೆ ಸೇರಿದಾಗ 'ದೃಷ್ಟಿಯಾಯಿತು', 'ಶೀತವಾಯಿತು' ಎಂದು ಹೇಳುವುದುಂಟು. ನಾಲ್ಕು ದಿನದಲ್ಲಿ ಅದು ಸತ್ತರೆ ಕಾರಣ ತಿಳಿಯದೆಯೇ ಉಳಿಯುತ್ತದೆ. ಇಂತಹ ಸಾವುಗಳಲ್ಲಿ ಅನೇಕಕ್ಕೆ ಮೂಲ ದವಡೆ ಹಲ್ಲಿನಲ್ಲಿರುತ್ತದೆ.

ಅರಸೀಕೆರೆಯ ಬಯಲುಸೀಮೆಯಲ್ಲಾಗಲಿ, ಬೇಲೂರು, ಹಳೇಬೀಡಿನ ಅರೆಮಲೆನಾಡಿನಲ್ಲಾಗಲಿ ಮನೆಯಲ್ಲಿ ಒಂದೆರಡು ಮೊಲ ಸಾಕುವವರಿಗೆ ಈ ಕಾಯಿಲೆಯ ಪರಿಚಯ ಅಗತ್ಯ. ಚೆನ್ನಾಗಿ ನೋಡಿಕೊಂಡ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಹಲ್ಲು ಕೆಟ್ಟರೆ ಎರಡು ಮೂರು ವರ್ಷಕ್ಕೇ ನೋವುಂಡು ಸಾಯುತ್ತದೆ. ಈ ನೋವನ್ನು ಮೊದಲೇ ಗುರುತಿಸುವ ಕ್ರಮ, ಪಶುವೈದ್ಯರಿಂದ ದೊರೆಯುವ ಚಿಕಿತ್ಸೆ ಹಾಗೂ ಕಾಯಿಲೆ ಬಾರದಂತೆ ಮೇವು ಒದಗಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಮೊಲದ ಹಲ್ಲಿನ ರಚನೆ

ಬೆಳೆದ ಮೊಲಕ್ಕೆ ಒಟ್ಟು 28 ಹಲ್ಲುಗಳಿರುತ್ತವೆ. ಮುಂದೆ ಮೇಲ್ದವಡೆಯಲ್ಲಿ ಎರಡು ದೊಡ್ಡ ಬಾಚಿಹಲ್ಲುಗಳು, ಅವುಗಳ ಹಿಂದೆ ಗೂಟದಂತಹ ಎರಡು ಪುಟ್ಟ ಹಲ್ಲುಗಳು, ಕೆಳದವಡೆಯಲ್ಲಿ ಎರಡು ಬಾಚಿಹಲ್ಲುಗಳು ಇವೆ. ಕೋರೆಹಲ್ಲು ಮೊಲಕ್ಕೆ ಇಲ್ಲ. ಆ ಜಾಗ ಖಾಲಿ ಇರುತ್ತದೆ. ಅದರ ಹಿಂದೆ ದವಡೆ ಹಲ್ಲುಗಳು ಮೇಲೆ ಒಂದೊಂದು ಬದಿಗೆ ಆರು, ಕೆಳಗೆ ಒಂದೊಂದು ಬದಿಗೆ ಐದು, ಒಟ್ಟು 22. ನಾವು ತುಟಿ ಎತ್ತಿದಾಗ ಕಾಣುವುದು ಬಾಚಿಹಲ್ಲು ಮಾತ್ರ. ಮೊಲದ ಬಾಯಿ ಕಿರಿದು, ಹೆಚ್ಚು ತೆರೆಯುವುದಿಲ್ಲ. ಆದ್ದರಿಂದ ಉಳಿದ 22 ಹಲ್ಲುಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕಾಯಿಲೆ 'ಕಾಣದ ಕಾಯಿಲೆ'ಯಾಗಲು ಇದು ಮೊದಲ ಕಾರಣ.

ಎರಡನೆಯ ಕಾರಣ ಮೊಲದ ಸ್ವಭಾವ. ನರಿ, ಹದ್ದುಗಳಿಗೆ ಆಹಾರವಾಗುವ ಪ್ರಾಣಿ ತನ್ನ ನೋವನ್ನು ತೋರಿಸಿಕೊಳ್ಳುವುದಿಲ್ಲ. ತೋರಿಸಿಕೊಂಡರೆ ಮೊದಲು ಅದನ್ನೇ ಹಿಡಿಯುತ್ತವೆ. ನಾಯಿಯಂತೆ ಕುಂಯ್ ಎನ್ನುವುದಿಲ್ಲ, ಹಸುವಿನಂತೆ ನರಳುವುದಿಲ್ಲ. ಸುಮ್ಮನೆ ಕೂರುತ್ತದೆ.

ಮನುಷ್ಯನ ಹಲ್ಲು ಒಮ್ಮೆ ಬೆಳೆದು ನಿಂತರೆ ಮತ್ತೆ ಬೆಳೆಯುವುದಿಲ್ಲ. ಮೊಲದ ಎಲ್ಲ ಹಲ್ಲುಗಳೂ ಜೀವನ ಪರ್ಯಂತ ಬೇರಿನಿಂದ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ವರ್ಷಕ್ಕೆ 10ರಿಂದ 12 ಸೆಂಟಿಮೀಟರ್ ಬೆಳೆಯುತ್ತದೆ. ದವಡೆ ಹಲ್ಲು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬೆಳೆದಷ್ಟೂ ಸವೆಯಬೇಕು. ಬೆಳವಣಿಗೆ ಮತ್ತು ಸವೆತ ಸಮವಾಗಿದ್ದರೆ ಬಾಯಿ ಆರೋಗ್ಯ. ಸವೆತ ಕಡಿಮೆಯಾದರೆ ಕಾಯಿಲೆಗೆ ಆರಂಭ.

ಸವೆತ ಆಗುವುದು ಹುಲ್ಲಿನಿಂದ. ಹುಲ್ಲಿನ ನಾರನ್ನು ಅರೆಯಲು ಮೊಲ ಕೆಳದವಡೆಯನ್ನು ಬೀಸುವ ಕಲ್ಲಿನಂತೆ ಅಡ್ಡಡ್ಡ ಆಡಿಸುತ್ತದೆ. ಹುಲ್ಲಿನಲ್ಲಿರುವ ಸಿಲಿಕಾ ಅಂಶವೂ ಹಲ್ಲನ್ನು ಉಜ್ಜುತ್ತದೆ. ಕಾಳು, ರೊಟ್ಟಿ, ಬ್ರೆಡ್, ಹಿಂಡಿ ತಿನ್ನುವಾಗ ದವಡೆ ಅಡ್ಡಡ್ಡ ಆಡುವುದು ಕಡಿಮೆ. ಮೇಲೆ ಕೆಳಗೆ ಜಜ್ಜಿ ನುಂಗುವುದೇ ಹೆಚ್ಚು. ಹೊಟ್ಟೆಯೂ ಬೇಗ ತುಂಬುತ್ತದೆ. ಹೀಗಾಗಿ 'ಪಾಪ, ಪುಟ್ಟ ಪ್ರಾಣಿ' ಎಂದು ಪ್ರೀತಿಯಿಂದ ಕೊಡುವ ಮೆತ್ತನೆಯ ತಿಂಡಿಯೇ ಹಲ್ಲಿಗೆ ಮುಳುವಾಗುತ್ತದೆ.

ಒಳಗೆ ಏನಾಗುತ್ತದೆ?

ಸವೆಯದ ದವಡೆ ಹಲ್ಲು ಸಮವಾಗಿ ಉಳಿಯುವುದಿಲ್ಲ. ಕೆಳಗಿನ ಹಲ್ಲಿನ ಒಳ ಅಂಚು ಮುಳ್ಳಿನಂತೆ ಚೂಪಾಗಿ ನಾಲಿಗೆಯ ಕಡೆಗೆ ಬಾಗುತ್ತದೆ. ಮೇಲಿನ ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಯ ಕಡೆಗೆ ಬಾಗುತ್ತದೆ. ಪ್ರತಿ ಬಾರಿ ಅಗಿಯುವಾಗಲೂ ನಾಲಿಗೆ, ಕೆನ್ನೆ ಗೀರಿ ಹುಣ್ಣಾಗುತ್ತದೆ. ಹಸಿವಿದ್ದರೂ ಮೊಲ ತಿನ್ನಲಾರದು.

ಮೇಲೆ ಜಾಗ ಸಿಗದ ಹಲ್ಲು ಹಿಂದಕ್ಕೂ ಬೆಳೆಯುತ್ತದೆ. ಕೆಳದವಡೆಯ ಹಲ್ಲಿನ ಬೇರು ಮೂಳೆಯನ್ನು ತಳ್ಳುವುದರಿಂದ ಗದ್ದದ ಅಡಿಯಲ್ಲಿ ಗಂಟುಗಂಟಾಗಿ ಕೈಗೆ ಸಿಗುತ್ತದೆ. ಮೇಲಿನ ಬಾಚಿಹಲ್ಲಿನ ಬೇರು ಕಣ್ಣೀರು ಮೂಗಿಗೆ ಇಳಿಯುವ ನಾಳವನ್ನು ಒತ್ತಿದರೆ ಕಣ್ಣಿನಿಂದ ಸದಾ ನೀರು ಸುರಿಯುತ್ತದೆ. ಮೇಲಿನ ದವಡೆ ಹಲ್ಲಿನ ಬೇರಿಗೆ ಸೋಂಕು ತಗುಲಿ ಕಣ್ಣಿನ ಹಿಂದೆ ಕೀವು ತುಂಬಿದರೆ ಆ ಕಣ್ಣು ಉಬ್ಬಿ ಹೊರಬರುತ್ತದೆ. ಕಣ್ಣಿಗೆ ಹನಿ ಹಾಕಿ ಹಾಕಿ ಗುಣವಾಗದ ಮೊಲದ ಕಾಯಿಲೆ ಎಷ್ಟೋ ವೇಳೆ ಕಣ್ಣಿನಲ್ಲಿರುವುದಿಲ್ಲ, ಹಲ್ಲಿನಲ್ಲಿರುತ್ತದೆ.

ಕಾರಣಗಳು

1. ನಾರು ಕಡಿಮೆ ಇರುವ ಮೇವು: ಮೇಲೆ ಹೇಳಿದಂತೆ ಇದು ಮುಖ್ಯ ಕಾರಣ.

2. ಸುಣ್ಣದ ಅಂಶ ಮತ್ತು ಬಿಸಿಲಿನ ಕೊರತೆ: ಕಾಳುಗಳ ಮಿಶ್ರಣದಲ್ಲಿ ತನಗೆ ಬೇಕಾದದ್ದನ್ನು ಮಾತ್ರ ಆರಿಸಿ ತಿನ್ನುವ ಮೊಲಕ್ಕೆ ಕ್ಯಾಲ್ಸಿಯಂ ಸಾಲದೆ ಬರಬಹುದು. ಕತ್ತಲೆ ಗೂಡಿನಲ್ಲಿಟ್ಟರೆ ಡಿ ಜೀವಸತ್ವವೂ ಕಡಿಮೆಯಾಗುತ್ತದೆ. ದವಡೆಯ ಮೂಳೆ ಮೆದುವಾಗಿ ಹಲ್ಲು ಸಡಿಲಗೊಂಡು ವಾಲುತ್ತದೆ. ಇಂಗ್ಲೆಂಡಿನ ಪಶುವೈದ್ಯೆ ಫ್ರಾನ್ಸಿಸ್ ಹಾರ್ಕೋರ್ಟ್-ಬ್ರೌನ್ ಅವರು 1996ರಲ್ಲಿ ಸಾಕುಮೊಲಗಳ ಹಲ್ಲಿನ ಕಾಯಿಲೆಗೂ ಈ ಕೊರತೆಗೂ ಇರುವ ಸಂಬಂಧದ ಕಡೆಗೆ ಗಮನ ಸೆಳೆದರು. ಸವೆತದ ಕೊರತೆಯೇ ಹೆಚ್ಚು ಮುಖ್ಯವೆನ್ನುವ ತಜ್ಞರೂ ಇದ್ದಾರೆ. ರೈತರಿಗೆ ಇದರಿಂದ ಗೊಂದಲವಿಲ್ಲ. ಒಳ್ಳೆಯ ಹುಲ್ಲು ಮತ್ತು ಎಳೆಬಿಸಿಲು ಎರಡಕ್ಕೂ ಪರಿಹಾರ.

3. ಹುಟ್ಟುಗುಣ: ಕೆಲವು ಮರಿಗಳಲ್ಲಿ ಮೇಲ್ದವಡೆ ಗಿಡ್ಡವಾಗಿದ್ದು ಮೇಲಿನ ಬಾಚಿಹಲ್ಲು ಕೆಳಗಿನದರ ಮೇಲೆ ಕೂಡುವುದಿಲ್ಲ. ಎರಡು ತಿಂಗಳ ವಯಸ್ಸಿನ ಹೊತ್ತಿಗೆ ಇದು ಕಾಣಿಸಿಕೊಳ್ಳುತ್ತದೆ. ಕೆಳಹಲ್ಲು ಹೊರಚಾಚಿ, ಮೇಲಿನ ಹಲ್ಲು ಟಗರಿನ ಕೊಂಬಿನಂತೆ ಒಳಕ್ಕೆ ಸುರುಳಿಯಾಗುತ್ತದೆ. ಗುಂಡುಮುಖದ ಗಿಡ್ಡ ತಳಿಗಳಲ್ಲಿ ಇದು ಹೆಚ್ಚು. ಅನೇಕ ವೇಳೆ ಇದು ತಾಯಿತಂದೆಯರಲ್ಲಿ ಗುಪ್ತವಾಗಿದ್ದು ಮರಿಗಳಲ್ಲಿ ಹೊರಬೀಳುವ ಗುಣ.

4. ಪೆಟ್ಟು: ಎತ್ತರದಿಂದ ಬೀಳುವುದು, ಗೂಡಿನ ತಂತಿಯನ್ನು ಸದಾ ಕಚ್ಚಿ ಎಳೆಯುವುದು ಇವುಗಳಿಂದ ಬಾಚಿಹಲ್ಲು ಮುರಿಯುವುದು ಅಥವಾ ಸೊಟ್ಟಗಾಗುವುದು.

ಗುರುತಿಸುವುದು ಹೇಗೆ?

ಬಾಯೊಳಗೆ ಇಣುಕಲಾಗದಿದ್ದರೂ ಹೊರಗಿನ ಗುರುತುಗಳು ಸಾಕಷ್ಟಿವೆ. ವಾರಕ್ಕೊಮ್ಮೆ ಹತ್ತು ನಿಮಿಷ ಕೊಟ್ಟು ಈ ಕೆಳಗಿನ ಕ್ರಮದಲ್ಲಿ ನೋಡಬೇಕು.

ತೂಕ: ತರಕಾರಿ ತೂಗುವ ತಕ್ಕಡಿಯಲ್ಲಿ ಬುಟ್ಟಿಯಿಟ್ಟು ಮೊಲವನ್ನು ತೂಗಿ, ತಾರೀಖಿನೊಡನೆ ಬರೆದಿಡಬೇಕು. ದಪ್ಪ ತುಪ್ಪಳದ ಅಡಿಯಲ್ಲಿ ಸೊರಗಿದ್ದು ಕಣ್ಣಿಗೆ ಕಾಣದು, ತಕ್ಕಡಿಗೆ ಕಾಣುತ್ತದೆ. 2 ಕಿಲೋ ಇದ್ದ ಮೊಲ 1 ಕಿಲೋ 800 ಗ್ರಾಮಿಗೆ ಇಳಿದರೆ ಹತ್ತರಲ್ಲಿ ಒಂದು ಪಾಲು ಹೋದಂತೆ. ಇಷ್ಟು ಇಳಿಯುವ ತನಕ ಕಾಯಬಾರದು; ಎರಡು ವಾರ ಸತತವಾಗಿ ಇಳಿದರೂ ಎಚ್ಚರ ವಹಿಸಬೇಕು.

ತಿನ್ನುವ ರೀತಿ: ಒಣಹುಲ್ಲು, ಹಸಿರೆಲೆ, ಮೆತ್ತನೆಯ ಹಣ್ಣಿನ ಒಂದು ಚೂರು ಇವನ್ನು ಬೇರೆ ಬೇರೆಯಾಗಿ ಇಟ್ಟು ದೂರ ನಿಂತು ನೋಡಿ. ಮೊದಲು ಒಣಹುಲ್ಲು ಬಿಡುವುದು, ಆಮೇಲೆ ಗಟ್ಟಿ ಕಾಂಡ, ಕೊನೆಗೆ ಎಲೆ ಬಿಡುವುದು ಹಲ್ಲುನೋವಿನ ಕ್ರಮ. ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಮೇವಿನ ಕಡೆ ತಿರುಗಿಯೂ ನೋಡದ ಮೊಲಕ್ಕೆ ಹೊಟ್ಟೆಯ ಅಥವಾ ಬೇರೆ ಕಾಯಿಲೆ ಇರಬಹುದು. ಆಸೆಯಿಂದ ಓಡಿಬಂದು, ಬಾಯಿಗೆ ತೆಗೆದುಕೊಂಡು, ಎರಡು ಸಲ ಅಗಿದು ಉಗುಳುವ ಮೊಲಕ್ಕೆ ನೋವಿರುವುದು ಬಾಯಲ್ಲಿ.

ಹಿಕ್ಕೆ: ಆರೋಗ್ಯವಂತ ಮೊಲದ ಹಿಕ್ಕೆ ದುಂಡಗೆ, ಒಂದೇ ಗಾತ್ರವಾಗಿ, ಒಡೆದರೆ ಹುಲ್ಲಿನ ಪುಡಿಯಂತೆ ಇರುತ್ತದೆ. ಹಿಕ್ಕೆ ಚಿಕ್ಕದಾದರೆ, ಕಡಿಮೆಯಾದರೆ, ಒಂದೊಂದು ಒಂದು ಗಾತ್ರವಾದರೆ ಮೇವು ಸಾಲುತ್ತಿಲ್ಲವೆಂದು ತಿಳಿಯಬೇಕು. ಮೊಲವು ದಿನವೂ ಹಾಕುವ ಮೆದು ಹಿಕ್ಕೆಯನ್ನು ಮತ್ತೆ ಬಾಯಿಂದಲೇ ತಿನ್ನುತ್ತದೆ. ಇದು ಅದಕ್ಕೆ ಪೌಷ್ಟಿಕ ಆಹಾರ. ಬಾಯಿನೋವಿದ್ದಾಗ ಅದನ್ನು ತಿನ್ನದೆ ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಇದನ್ನು ಭೇದಿಯೆಂದು ತಪ್ಪು ತಿಳಿಯುವವರಿದ್ದಾರೆ.

ಗದ್ದ ಮತ್ತು ಮುಂಗಾಲು: ಜೊಲ್ಲಿನಿಂದ ಗದ್ದ, ಕುತ್ತಿಗೆಯ ತುಪ್ಪಳ ಒದ್ದೆಯಾಗಿರುತ್ತದೆ. ಮುಖ ಒರೆಸಿಕೊಂಡು ಮುಂಗಾಲಿನ ಒಳಬದಿಯ ಕೂದಲು ಜಡೆಗಟ್ಟಿರುತ್ತದೆ.

ಕಣ್ಣು, ಮೂಗು: ಒಂದೇ ಕಡೆಯ ಕಣ್ಣಿನಲ್ಲಿ ನೀರು, ಬಿಳಿ ಪಿಸುರು ಅಥವಾ ಒಂದೇ ಹೊಳ್ಳೆಯ ಸಿಂಬಳ ಕಂಡರೆ ಹಲ್ಲನ್ನು ಸಂಶಯಿಸಬೇಕು.

ದವಡೆ: ಮೊಲವನ್ನು ಮಡಿಲಲ್ಲಿ ಕೂರಿಸಿಕೊಂಡು ಎರಡೂ ಕೈಯ ಬೆರಳುಗಳಿಂದ ಕೆಳದವಡೆಯ ಅಡಿಯನ್ನು ಒಟ್ಟಿಗೆ ಸವರಿ ನೋಡಿ. ಅಂಚು ನಯವಾಗಿದ್ದರೆ ಸರಿ. ಸಾಲು ಗಂಟು ಅಥವಾ ಒಂದು ಕಡೆ ಮಾತ್ರ ಊತವಿದ್ದರೆ ಸರಿಯಲ್ಲ. ಕಣ್ಣಿನ ಕೆಳಗಿನ ಮೂಳೆಯನ್ನೂ ಹಾಗೆಯೇ ಹೋಲಿಸಿ ನೋಡಿ.

ಬಾಚಿಹಲ್ಲು: ತುಟಿಯನ್ನು ಮೆಲ್ಲಗೆ ಬಿಡಿಸಿದರೆ ಮೇಲಿನ ಹಲ್ಲು ಕೆಳಗಿನದರ ಸ್ವಲ್ಪ ಮುಂದೆ, ನೇರವಾಗಿ, ನಯವಾಗಿ ಕಾಣಬೇಕು. ಹಲ್ಲಿನ ಮೇಲೆ ಅಡ್ಡ ಗೆರೆಗಳು, ಸೊಟ್ಟ, ಬಣ್ಣಗೇಡು ಇದ್ದರೆ ಹಿಂದಿನ ಹಲ್ಲುಗಳಲ್ಲೂ ತೊಂದರೆ ಇರುವ ಸಾಧ್ಯತೆ ಉಂಟು. ಆದರೆ ಬಾಚಿಹಲ್ಲು ಚೆನ್ನಾಗಿದೆ ಎಂದ ಮಾತ್ರಕ್ಕೆ ದವಡೆ ಹಲ್ಲು ಚೆನ್ನಾಗಿದೆ ಎನ್ನಲಾಗದು.

ಹಲ್ಲು ಕಡಿಯುವ ಶಬ್ದ: ಮೈ ಸವರುವಾಗ ಮೊಲ ಹಲ್ಲನ್ನು ಮೆಲ್ಲಗೆ ಮಸೆದರೆ ಅದು ಸುಖದ ಗುರುತು. ಮೈ ಮುದುಡಿ, ಕಣ್ಣು ಅರೆಮುಚ್ಚಿ, ಜೋರಾಗಿ ಹಲ್ಲು ಕಡಿದರೆ ಅದು ನೋವಿನ ಗುರುತು.

ಪರೀಕ್ಷಿಸುವಾಗ ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ ಇರಬೇಕು. ಆಧಾರವಿಲ್ಲದೆ ಹಿಂಗಾಲು ಝಾಡಿಸಿದರೆ ಬೆನ್ನುಮೂಳೆ ಮುರಿಯಬಹುದು. ಬಾಯನ್ನು ಬಲವಂತವಾಗಿ ಅಗಲಿಸಲೂ ಬಾರದು.

ಚಿಕಿತ್ಸೆ

ಮೊಲ 12 ಗಂಟೆ ಏನನ್ನೂ ತಿನ್ನದಿದ್ದರೆ ಅದು ತುರ್ತು ಪರಿಸ್ಥಿತಿ. ಅದರ ಕರುಳು ಸದಾ ಚಲಿಸುತ್ತಿರಬೇಕು. ಮೇವು ನಿಂತರೆ ಕರುಳು ನಿಲ್ಲುತ್ತದೆ, ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ, ಪಿತ್ತಜನಕಾಂಗ ಕೆಡುತ್ತದೆ. 'ನಾಳೆ ಸಂತೆಗೆ ಹೋದಾಗ ತೋರಿಸೋಣ' ಎನ್ನುವಷ್ಟು ಬಿಡುವು ಇರುವುದಿಲ್ಲ.

ಮೊದಲು ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ. ಪಶುಪಾಲನಾ ಇಲಾಖೆಯ 1962 ಸಹಾಯವಾಣಿಯಲ್ಲಿಯೂ ವಿಚಾರಿಸಬಹುದು. ದವಡೆ ಹಲ್ಲಿನ ಪೂರ್ಣ ಪರೀಕ್ಷೆಗೆ ಮಂಪರು ಅಥವಾ ಅರಿವಳಿಕೆ, ಬೇರನ್ನು ನೋಡಲು ತಲೆಯ ಎಕ್ಸ್-ರೇ ಬೇಕಾಗುತ್ತದೆ. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಮಹಾವಿದ್ಯಾಲಯ ಹಾಸನದಲ್ಲಿದೆ. ಬೇಲೂರು, ಅರಸೀಕೆರೆಗಳಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಹಳೇಬೀಡಿನಿಂದ ಇನ್ನೂ ಹತ್ತಿರ. ಮೊದಲೇ ದೂರವಾಣಿ ಮಾಡಿ, ಮೊಲಕ್ಕೆ ಅರಿವಳಿಕೆ ಕೊಡುವವರು ಯಾವ ದಿನ ಇರುತ್ತಾರೆಂದು ಕೇಳಿಕೊಂಡು ಹೊರಡುವುದು ಲೇಸು. ಬೆಳಗಿನ ತಂಪು ಹೊತ್ತಿನಲ್ಲಿ, ಗಾಳಿಯಾಡುವ ಬುಟ್ಟಿಯಲ್ಲಿ ಹುಲ್ಲು ಹಾಸಿ ಒಯ್ಯಿರಿ. ಬರೆದಿಟ್ಟ ತೂಕದ ಚೀಟಿಯನ್ನೂ ಒಂದು ಹಿಡಿ ಹಿಕ್ಕೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

ನಾಯಿ ಬೆಕ್ಕುಗಳಿಗೆ ಅರಿವಳಿಕೆಗೆ ಮೊದಲು ಹೊಟ್ಟೆ ಖಾಲಿ ಬಿಡುತ್ತಾರೆ. ಮೊಲ ವಾಂತಿ ಮಾಡಲಾರದ ಪ್ರಾಣಿ. ಅದನ್ನು ಹಾಗೆ ಉಪವಾಸ ಕೆಡವಬಾರದು.

ಚೂಪಾದ ಅಂಚುಗಳನ್ನು ವೈದ್ಯರು ತಿರುಗುವ ಸಣ್ಣ ಅರದಿಂದ ತೇಯ್ದು ಸಮ ಮಾಡುತ್ತಾರೆ. ನಾಲಿಗೆಯ ಹುಣ್ಣು ಕೆಲವು ದಿನಗಳಲ್ಲಿ ಮಾಯುತ್ತದೆ. ಆದರೆ ವಾಲಿದ ಹಲ್ಲು ಮತ್ತೆ ಹಾಗೆಯೇ ಬೆಳೆಯುವುದರಿಂದ ಎಷ್ಟೋ ಮೊಲಗಳಿಗೆ ಒಂದೆರಡು ತಿಂಗಳಿಗೊಮ್ಮೆ ಪುನಃ ತೇಯಿಸಬೇಕಾಗುತ್ತದೆ. ಇದನ್ನು ಮೊದಲೇ ತಿಳಿದು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಬಾಚಿಹಲ್ಲು ಮಾತ್ರ ಕೂಡದಿದ್ದರೆ ಆರೂ ಬಾಚಿಹಲ್ಲುಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಬಿಡಬಹುದು. ಅಂತಹ ಮೊಲ ತುಟಿಯಿಂದ ಮೇವು ಎಳೆದುಕೊಂಡು ದವಡೆ ಹಲ್ಲಿನಿಂದ ಅಗಿದು ನೆಮ್ಮದಿಯಾಗಿ ಬದುಕುತ್ತದೆ. ಸೊಪ್ಪನ್ನು ಹೆಚ್ಚಿ ಕೊಟ್ಟರಾಯಿತು.

ದವಡೆಯ ಕುರು ಕಷ್ಟದ ಮಾತು. ಮೊಲದ ಕೀವು ನೀರಾಗಿರದೆ ಗಿಣ್ಣಿನಂತೆ ಗಟ್ಟಿಯಾಗಿರುತ್ತದೆ. ಎತ್ತಿನ ಕುರುವಿನಂತೆ ಸೀಳಿ ಹಿಂಡಿದರೆ ಹೋಗುವುದಿಲ್ಲ. ಕುರುವಿನ ಚೀಲ, ಕೆಟ್ಟ ಹಲ್ಲು, ಕೊಳೆತ ಮೂಳೆ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಬಹಳ ಮುಂದುವರಿದ ಕಾಯಿಲೆಯಲ್ಲಿ ನೋವಿಲ್ಲದ ಅಂತ್ಯವೇ ದಯೆಯೆಂದು ವೈದ್ಯರು ಹೇಳಬಹುದು. ಬೇಗ ಗುರುತಿಸಬೇಕೆಂದು ಇಷ್ಟು ಒತ್ತಿ ಹೇಳುವುದು ಈ ಕಾರಣಕ್ಕೇ.

ಆರೈಕೆ

ಚಿಕಿತ್ಸೆಯ ನಂತರ ತಾನಾಗಿ ತಿನ್ನುವ ತನಕ ಮೊಲದ ಗುಳಿಗೆ ಮೇವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ನುಣ್ಣಗೆ ಅರೆದು, ಸೂಜಿ ತೆಗೆದ ಸಿರಿಂಜಿನಿಂದ ತಿನ್ನಿಸಬೇಕು. ಬಾಚಿಹಲ್ಲಿನ ಹಿಂದಿನ ಖಾಲಿ ಜಾಗದಲ್ಲಿ, ಬಾಯಿಯ ಬದಿಯಿಂದ, ಸ್ವಲ್ಪ ಸ್ವಲ್ಪವೇ ಕೊಡಿ. ಅಗಿದು ನುಂಗಿದ ಮೇಲೆ ಮುಂದಿನದು. ದಿನಕ್ಕೆ ನಾಲ್ಕೈದು ಸಲ ಕೊಡಬೇಕು. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ತಿನ್ನಿಸದೆ ತಕ್ಷಣ ವೈದ್ಯರ ಬಳಿಗೆ ಒಯ್ಯಿರಿ. ಹಿಂಭಾಗವನ್ನು ದಿನವೂ ನೋಡಿ ಒರೆಸಿ ಒಣಗಿಸಬೇಕು. ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗುತ್ತದೆ.

ಮಾಡಬಾರದ ಕೆಲಸಗಳು

* ಉಗುರು ಕತ್ತರಿ, ಇಕ್ಕಳಗಳಿಂದ ಬಾಚಿಹಲ್ಲು ಕತ್ತರಿಸಬಾರದು. ಹಲ್ಲು ಉದ್ದುದ್ದ ಸೀಳಿ ಬೇರಿನ ತನಕ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಸೋಂಕು ಇಳಿದು ಕುರುವಾಗುತ್ತದೆ.

* ಮನೆಯಲ್ಲಿ ಉಳಿದ ಮಾತ್ರೆ ಕೊಡಬಾರದು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿತ್ರೋಮೈಸಿನ್ ಮುಂತಾದ ಔಷಧಿಗಳನ್ನು ಮೊಲಕ್ಕೆ ಬಾಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಜೀವಾಣುಗಳು ಸತ್ತು, ವಿಷಕಾರಿ ಜೀವಾಣು ಹೆಚ್ಚಿ ಮೊಲ ಸಾಯಬಹುದು. ಮಕ್ಕಳಿಗೆ, ಹಸುವಿಗೆ ಒಳ್ಳೆಯದಾದದ್ದು ಮೊಲಕ್ಕೆ ಒಳ್ಳೆಯದಲ್ಲ. ನೋವು ನಿವಾರಕವನ್ನೂ ವೈದ್ಯರೇ ತೂಕ ನೋಡಿ ನಿರ್ಧರಿಸಬೇಕು.

* ಹಲ್ಲಿಲ್ಲದ ಮುದುಕರಿಗೆ ಮಾಡುವಂತೆ ಸದಾ ಮೆತ್ತನೆಯ ಆಹಾರ ಕೊಟ್ಟು ದಿನ ತಳ್ಳಬಾರದು. ನೋವು ಮರೆಯಾಗುತ್ತದೆ, ಕಾಯಿಲೆ ಬೆಳೆಯುತ್ತದೆ.

* ಮರದ ತುಂಡು ಕಚ್ಚಲು ಇಟ್ಟರೆ ಸಾಕೆಂದು ನಂಬಬಾರದು. ಅದು ಬಾಚಿಹಲ್ಲಿಗೆ ಸ್ವಲ್ಪ ಕೆಲಸ ಕೊಡುತ್ತದೆಯೇ ಹೊರತು ದವಡೆ ಹಲ್ಲನ್ನು ಸವೆಸುವುದಿಲ್ಲ.

ನಮ್ಮ ಸೀಮೆಗೆ ಹೊಂದುವ ಮೇವು

ಮೊಲದ ಮೇವಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಹುಲ್ಲು, ಒಣಹುಲ್ಲು ಇರಬೇಕು. ದಿನಕ್ಕೆ ಮೊಲದ ಗಾತ್ರದಷ್ಟೇ ಒಂದು ಕಂತೆ ಎಂದು ಲೆಕ್ಕ. ಉಳಿದದ್ದು ಹಸಿರು ಸೊಪ್ಪು. ಗುಳಿಗೆ ಮೇವು ಕೊಡುವುದಾದರೆ ಬೆಳೆದ ಮೊಲಕ್ಕೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು.

ಬಯಲುಸೀಮೆಯ ಅರಸೀಕೆರೆ ಕಡೆ ಬೇಸಿಗೆಯಲ್ಲಿ ಹಸಿರು ಸಿಗುವುದು ಕಷ್ಟ. ಆಗ ತೆಂಗಿನಕಾಯಿ ಚೂರು, ಹಿಂಡಿ, ರಾಗಿ ಹಿಟ್ಟುಗಳ ಮೊರೆ ಹೋಗುವುದಕ್ಕಿಂತ ಮಳೆಗಾಲದ ಕೊನೆಯಲ್ಲೇ ಬದುಗಳ ಮೇಲಿನ ಹುಲ್ಲನ್ನು ಕೊಯ್ದು ಒಣಗಿಸಿ ಅಟ್ಟಕ್ಕೆ ಹಾಕಿಕೊಳ್ಳಬೇಕು. ಒಂದೆರಡು ಮೊಲಕ್ಕೆ ಹೆಚ್ಚೇನೂ ಬೇಡ. ತೆಂಗಿನ ಮರದ ಬುಡದ ಪಾತಿಯಲ್ಲಿ, ಬಚ್ಚಲ ನೀರು ಹರಿಯುವಲ್ಲಿ ಗಿನಿ ಹುಲ್ಲಿನ ನಾಲ್ಕು ಬುಡ ನೆಟ್ಟರೆ ವರ್ಷವಿಡೀ ಹಸಿರು ಸಿಗುತ್ತದೆ. ಸೋಪಿನ ನೀರು ತಗುಲಿದ ಗರಿಯನ್ನು ತೊಳೆದು ಕೊಡಿ. ರಾಗಿ ಹುಲ್ಲನ್ನು ಜೊತೆಗೆ ಸೇರಿಸಬಹುದು, ಆದರೆ ಅದೊಂದೇ ಸಾಲದು.

ಬೇಲೂರು, ಹಳೇಬೀಡಿನ ಕಡೆ ಹುಲ್ಲಿಗೆ ಬರವಿಲ್ಲ, ಒಣಗಿಸುವುದೇ ಕಷ್ಟ. ಮುಂಗಾರಿನಲ್ಲಿ ಬೂಷ್ಟು ಹಿಡಿದ ಹುಲ್ಲನ್ನು ಎಂದೂ ಕೊಡಬಾರದು. ಗರಿಕೆಯನ್ನು ದಿನವೂ ಕೊಯ್ದು, ನೀರು ಆರಿಸಿ ಕೊಡಿ. ದೀಪಾವಳಿಯ ನಂತರದ ಬಿಸಿಲಿನಲ್ಲಿ ಮುಂದಿನ ಮಳೆಗಾಲಕ್ಕೆ ಬೇಕಾದ ಒಣಹುಲ್ಲು ಮಾಡಿಟ್ಟುಕೊಳ್ಳಿ. ಕಳೆನಾಶಕ ಅಥವಾ ಕೀಟನಾಶಕ ಹೊಡೆದ ಕಾಫಿ ತೋಟದ ಹುಲ್ಲು ಬೇಡ. ಆಲೂಗಡ್ಡೆ ಬೆಳೆಯುವ ಹೊಲಗಳಿಂದ ಅದರ ಸೊಪ್ಪನ್ನು ತಂದು ಹಾಕಬಾರದು, ಅದು ವಿಷ.

ಅಲಸಂದೆ ಸೊಪ್ಪು, ಕುದುರೆ ಮಸಾಲೆ ಬೆಳೆಯುವ ಮರಿಗಳಿಗೆ ಒಳ್ಳೆಯದು. ಬೆಳೆದ ಮೊಲಕ್ಕೆ ಕುದುರೆ ಮಸಾಲೆ ಅತಿಯಾದರೆ ಸುಣ್ಣದ ಅಂಶ ಹೆಚ್ಚಿ ಮೂತ್ರದಲ್ಲಿ ಗಸಿ ಕಟ್ಟುತ್ತದೆ, ಮಿತವಾಗಿರಲಿ. ಬೆಳಗಿನ ಎಳೆಬಿಸಿಲಿನಲ್ಲಿ, ಪಕ್ಕದಲ್ಲೇ ನೆರಳಿರುವಂತೆ, ಸ್ವಲ್ಪ ಹೊತ್ತು ಬಿಡಬೇಕು. ಏರುಬಿಸಿಲು ಮೊಲಕ್ಕೆ ಆಗದು.

ಕೊಳ್ಳುವಾಗ ಎಚ್ಚರ

ಎರಡು ತಿಂಗಳು ತುಂಬಿದ ಮರಿಯನ್ನೇ ತನ್ನಿ. ತುಟಿ ಬಿಡಿಸಿ ಬಾಚಿಹಲ್ಲು ಕೂಡಿದೆಯೇ ನೋಡಿ. ಸಾಧ್ಯವಾದರೆ ತಾಯಿಮೊಲದ ಹಲ್ಲನ್ನೂ ನೋಡಿ. ಹಲ್ಲು ಸೊಟ್ಟಗಿರುವ ಮೊಲದಿಂದ, ಅಂತಹ ಮರಿ ಹಾಕಿದ ಜೋಡಿಯಿಂದ ಮರಿ ಮಾಡಿಸಬಾರದು. ಕುರುಚಲು ಕಾಡಿನಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತರಬೇಡಿ. ಅದು ಸಾಕುಮೊಲಕ್ಕಿಂತ ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ. ಒಂಟಿಯಾಗಿ ಕಂಡ ಮರಿಯ ತಾಯಿ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ.

ನೆನಪಿಡಬೇಕಾದ ಅಂಶಗಳು

1. ವಾರಕ್ಕೊಮ್ಮೆ ತೂಕ, ದಿನವೂ ಹಿಕ್ಕೆ ನೋಡಿ.
2. ಒಣಹುಲ್ಲು ಬಿಟ್ಟ ಮೊಲ ಹಲ್ಲುನೋವಿನ ಮೊಲವೆಂದೇ ಮೊದಲು ಸಂಶಯಿಸಿ.
3. ಒಂದೇ ಕಣ್ಣಿನ ನೀರು, ಒದ್ದೆ ಗದ್ದ, ದವಡೆಯ ಗಂಟು ಇವುಗಳಲ್ಲಿ ಯಾವುದು ಕಂಡರೂ ಪಶುವೈದ್ಯರಿಗೆ ತೋರಿಸಿ.
4. 12 ಗಂಟೆ ಮೇವು ಬಿಟ್ಟರೆ ಕಾಯಬೇಡಿ.
5. ಕತ್ತರಿ ಬೇಡ, ಮನೆಮಾತ್ರೆ ಬೇಡ.
6. ಹುಲ್ಲೇ ಮೊಲದ ಹಲ್ಲಿಗೆ ಅರ, ಹುಲ್ಲೇ ಔಷಧಿ.

ಮನೆಯ ಮಕ್ಕಳಿಗೆ ತೂಗುವ, ಬರೆದಿಡುವ ಕೆಲಸವನ್ನು ವಹಿಸಿದರೆ ಅವರು ಸಂತೋಷದಿಂದ ಮಾಡುತ್ತಾರೆ. ದೊಡ್ಡವರು ವಾರಕ್ಕೊಮ್ಮೆ ಆ ಪುಸ್ತಕವನ್ನು ತೆರೆದು ನೋಡಿದರೆ ಬಾಯೊಳಗಿನ ಕಾಯಿಲೆ ಬಹಳ ದಿನ ಮರೆಯಾಗಿ ಉಳಿಯಲಾರದು.